ಕಾಯಿಲೆ ಯಾರದು, ಹೇಳೋದು ಯಾರಿಗೆ?

ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಾವು ಕೆಲವರು ಹೊರದೇಶದ ಡಾಕ್ಟರುಗಳು ಶನಿವಾರ ಒಟ್ಟಿಗೆ ಕೂತು ಎಫ್‌ಎಸ್‌ಪಿಗೆ, ಅಂದರೆ ಇಲ್ಲಿ ಡಾಕ್ಟರ್ ಕೆಲಸ ಮಾಡಲು ಪಾಸಾಗಬೇಕಾದ ಜರ್ಮನ್ ಭಾಷಾ ಪರೀಕ್ಷೆಗೆ, ತಯಾರಿ ಮಾಡುತ್ತೇವೆ. ಒಬ್ಬರು ಡಾಕ್ಟರ್, ಒಬ್ಬರು ರೋಗಿ, ಇನ್ನೊಬ್ಬರು ಗಡಿಯಾರ ನೋಡೋರು. ಮೊನ್ನೆ ರೋಗಿಯಾಗಿ ಕೂತಿದ್ದು ನಮಗೆ ಜರ್ಮನ್ ಹೇಳಿಕೊಡುವ ಮೇಡಂ. ತೂಕ ಇಳಿದಿದೆ, ಮಲದಲ್ಲಿ ರಕ್ತ ಹೋಗುತ್ತಿದೆ ಅಂತೆಲ್ಲ ಹೇಳಿ ಕೊನೆಗೆ ಕೇಳಿದರು, "ಕ್ಯಾನ್ಸರ್ ಇರಬಹುದಾ ಡಾಕ್ಟ್ರೇ?" ದಾವಣಗೆರೆಯ ನಮ್ಮ ಗೆಳೆಯ ಹಿಂದೆಮುಂದೆ ನೋಡದೆ, "ನಿಮ್ಮ ಜೊತೆ ಯಾರು ಬಂದಿದ್ದಾರೆ?" ಅಂದ.

ಮೇಡಂ ಪೆನ್ನು ಕೆಳಗಿಟ್ಟರು. "ಯಾಕೆ? ಕಾಯಿಲೆ ನನಗೆ ತಾನೇ?"

ಎಲ್ಲರೂ ನಕ್ಕರು. ನನಗೆ ಮಾತ್ರ ಚುರುಕ್ ಅಂತು.

ಈ ಪರೀಕ್ಷೆ ಒಂದು ಗಂಟೆಯದು. ಹೆಚ್ಚಿನ ರಾಜ್ಯಗಳಲ್ಲಿ ವೈದ್ಯರ ಮಂಡಳಿಯೇ ನಡೆಸುತ್ತದೆ. 20 ನಿಮಿಷ ರೋಗಿಯ ಜೊತೆ ಮಾತು, 20 ನಿಮಿಷ ಅದನ್ನೇ ಪತ್ರವಾಗಿ ಬರೆಯೋದು, 20 ನಿಮಿಷ ಹಿರಿಯ ಡಾಕ್ಟರಿಗೆ ಕೇಸ್ ಒಪ್ಪಿಸೋದು. ಸಿ1, ಅಂದರೆ ಸಾಕಷ್ಟು ಮೇಲಿನ ಮಟ್ಟದ ಭಾಷೆ ಬೇಕು. ಇಲ್ಲಿ ನೋಡೋದು ಭಾಷೆಯನ್ನೇ, ವೈದ್ಯಕೀಯ ಜ್ಞಾನಕ್ಕೆ ಬೇರೆ ಪರೀಕ್ಷೆ ಇದೆ. ಬರವಣಿಗೆಯ ವ್ಯಾಕರಣಕ್ಕೆ ಎಲ್ಲರೂ ಹೆದರುತ್ತಾರೆ. ನನಗೆ ಕಷ್ಟ ಅನಿಸಿದ್ದು ಮೊದಲ 20 ನಿಮಿಷ. ನಿದ್ದೆ ಬರುತ್ತಾ, ಮನೆಯಲ್ಲಿ ಯಾರಿದ್ದಾರೆ, ಕೆಲಸದಲ್ಲಿ ಒತ್ತಡ ಇದೆಯಾ, ಎಲ್ಲ ಕೇಳಬೇಕು. ರೋಗಿ ಅತ್ತರೆ ಸುಮ್ನೆ ಮುಂದಿನ ಪ್ರಶ್ನೆಗೆ ಹಾರುವಂತಿಲ್ಲ. ಯಾವ ಕಾಯಿಲೆಯ ಅನುಮಾನ, ಮುಂದೆ ಯಾವ ತಪಾಸಣೆ, ಎಲ್ಲವನ್ನೂ ಅವರಿಗೇ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ರೋಗಿ ಒಪ್ಪದೆ ಮಗನಿಗೂ ಹೇಳುವಂತಿಲ್ಲ. ಹೇಳಿದರೆ ಇಲ್ಲಿನ ದಂಡಸಂಹಿತೆಯ 203ನೇ ಕಲಂ ಪ್ರಕಾರ ಅದು ಅಪರಾಧ. ಡಾಕ್ಟರು ರೋಗಿಗೆ ಎಲ್ಲ ವಿವರಿಸಲೇಬೇಕು ಅನ್ನೋದಕ್ಕೂ 2013ರಿಂದ ಕಾನೂನೇ ಇದೆ.

ನಮ್ಮಲ್ಲಿ? ಹೌಸ್ ಸರ್ಜನ್ ಆಗಿದ್ದಾಗ ಒಪಿಡಿಯಲ್ಲಿ ಅಜ್ಜಿಯರನ್ನು ಸ್ಟೂಲ್ ಮೇಲೆ ಕೂರಿಸಿ, ತಲೆಯೆತ್ತಿ ಹಿಂದೆ ನಿಂತ ಮಗನ ಜೊತೆ ಮಾತಾಡುತ್ತಿದ್ದೆವು. "ಊಟ ಮಾಡ್ತಾರಾ? ಮೋಷನ್ ಸರಿ ಹೋಗ್ತಾ?" ಅಜ್ಜಿ ಬಾಯಿ ತೆರೆಯೋದರೊಳಗೆ ಸೊಸೆ ಉತ್ತರ ಕೊಟ್ಟಾಗಿರುತ್ತಿತ್ತು. ಬರೆಯೋದು ಇಂಗ್ಲಿಷಿನಲ್ಲಿ. ಎಂಬಿಬಿಎಸ್ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಈಗ ಸ್ಥಳೀಯ ಭಾಷೆಯೂ ಇದೆ, ನಿಜ. ಆದರೆ ಅಜ್ಜಿಗೆ ಅವರ ಕಾಯಿಲೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲಿರಾ ಅಂತ ಒಂದು ಗಂಟೆ ಕೂರಿಸಿ ಪರೀಕ್ಷೆ ಮಾಡಿದವರಿಲ್ಲ. ಕನ್ನಡದವನೇ ಆದ ನನ್ನನ್ನೂ ಕೂಡ.

ಶಿವಮೊಗ್ಗದ ನಮ್ಮ ದೊಡ್ಡಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ಮನೆಯವರೆಲ್ಲ ಸೇರಿ ಅಲ್ಸರ್ ಅಂದಿದ್ದರು. ಊರಿನ ಡಾಕ್ಟರೂ ಹೂಂ ಅಂದರು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಗೇಟಿನ ಮುಂದೆ ಆಟೋ ಇಳಿಸಿದ್ದಾಯಿತು. ಬೋರ್ಡು ಓದೋಕೆ ಬರುವ ನಿವೃತ್ತ ಹೆಡ್‌ಮಾಸ್ಟರ್‌ಗೆ ಅಲ್ಸರ್ ಅಂತೆ! ಅವರೂ ಕೊನೆಯವರೆಗೆ ಅಲ್ಸರ್ ಅಂತಲೇ ಮಾತಾಡಿದರು. ನಮಗಾಗಿ. ಗದ್ದೆಯ ಪಾಲು, ತಂಗಿಯ ಜೊತೆಗಿನ ಹಳೇ ಮುನಿಸು, ಯಾವುದನ್ನೂ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದು ನೆನಪಾದಾಗಲೆಲ್ಲ ನನಗೆ ಜರ್ಮನಿಯವರೇ ಸರಿ ಅನಿಸುತ್ತದೆ.

ಒಂದನ್ನು ಮಾತ್ರ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ನಾನು ಕೆಲಸ ನೋಡಿ ಕಲಿಯಲು ಹೋಗುವ ವಾರ್ಡಿನಲ್ಲಿ ಒಬ್ಬ ಮುದುಕರಿಗೆ ರಿಪೋರ್ಟ್ ಬಂತು. ಡಾಕ್ಟರು ಕುರ್ಚಿ ಎಳೆದು ಕೂತು, ಅವಸರ ಮಾಡದೆ ಹೇಳಿದರು. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಮಾರ್ಕ್ಸ್. ಯಾರಿಗಾದರೂ ಫೋನ್ ಮಾಡಬೇಕಾ ಅಂತಲೂ ಕೇಳಿದರು. ಅವರು ಬೇಡ ಅಂದರು. ಸಂಜೆಯವರೆಗೆ ಯಾರೂ ಬರಲಿಲ್ಲ. ನಮ್ಮಲ್ಲಾಗಿದ್ದರೆ ಗಂಜಿ ಫ್ಲಾಸ್ಕ್ ಹಿಡಿದ ಅತ್ತಿಗೆ, ಕಾರಿಡಾರಿನಲ್ಲಿ ಚಾಪೆ ಹಾಸಿದ ಭಾವ, ಯಾರಾದರೂ ಇದ್ದೇ ಇರುತ್ತಿದ್ದರು. ಸುಳ್ಳು ಹೇಳುವವರೇ ಆದರೂ ರಾತ್ರಿಯಿಡೀ ಕೂರುವವರು.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ನಾಳೆ ನಿಂಗೇನಾದ್ರೂ ಆದ್ರೆ ಡಾಕ್ಟರು ಮೊದಲು ನಿಂಗೇ ಹೇಳ್ಬೇಕು, ಅಲ್ವಾ ಅಂದೆ. "ನಂಗ್ಯಾಕಪ್ಪಾ? ನೀನೂ ನಿನ್ ತಮ್ಮನೂ ಕೇಳ್ಕೊಳ್ಳಿ," ಅಂದಳು.