ಒಂದು ಬಟನ್ ತಾನೇ!

ದತ್ತಾಂಶ ವಿಶ್ಲೇಷಣೆಯ ಆ್ಯಪ್ ಒಂದನ್ನು ಜನ ನಿಜವಾಗಿಯೂ ಬಳಸತೊಡಗಿದ್ದಾರೆ ಎಂಬುದಕ್ಕೆ ಒಂದು ಖಚಿತ ಲಕ್ಷಣವಿದೆ. ಯಾರಾದರೊಬ್ಬರು ಬಂದು, “ಎಲ್ಲ ಚೆನ್ನಾಗಿದೆ, ಇದಕ್ಕೊಂದು ರಿಪೋರ್ಟ್ ಬಟನ್ ಹಾಕಿಬಿಡಿ, ಮುಗೀತು” ಎನ್ನುತ್ತಾರೆ. ಹಾಗೆನ್ನುವವರ ಮನಸ್ಸಿನಲ್ಲಿ ಕಿಂಚಿತ್ತೂ ಕೇಡಿರುವುದಿಲ್ಲ. ಪರದೆಯ ಮೇಲೆ ಗ್ರಾಫ್ ಕಾಣುತ್ತಿದೆ, ಕೋಷ್ಟಕ ಕಾಣುತ್ತಿದೆ, ಅದನ್ನೇ ಒಂದು ಕಡತಕ್ಕೆ ಇಳಿಸಿಕೊಡುವುದು ಯಾವ ಮಹಾ ಕೆಲಸ ಎಂಬುದು ಅವರ ತರ್ಕ. ಕೇಳುವ ಹೊತ್ತಿಗೆ ಆ ತರ್ಕದಲ್ಲಿ ಎಳ್ಳಷ್ಟೂ ದೋಷ ಕಾಣುವುದಿಲ್ಲ. ಅದರ ಅಪಾಯವಿರುವುದೇ ಅಲ್ಲಿ.

ಬಟನ್ ಬರುವ ಮುನ್ನ ನಮ್ಮಲ್ಲಿ ವರದಿಗಳೆಲ್ಲ ಸ್ಕ್ರೀನ್‌ಶಾಟ್‌ಗಳಿಂದಲೇ ತಯಾರಾಗುತ್ತಿದ್ದವು. ಹಾಗೆ ತಯಾರಾದ ವರದಿಗಳಲ್ಲಿ ಗ್ರಾಫಿನ ಜೊತೆಗೆ ಬ್ರೌಸರಿನಲ್ಲಿ ತೆರೆದಿಟ್ಟ ಟ್ಯಾಬ್‌ಗಳು, ಬ್ಯಾಟರಿ ಮುಗಿಯುತ್ತ ಬಂದ ಸೂಚನೆ, ಅತಿ ಮುಖ್ಯವಾದ ಕಂಬದ ನೆತ್ತಿಯ ಮೇಲೆಯೇ ಕೂತ ಮೌಸಿನ ಬಾಣ, ಎಲ್ಲವೂ ಶಾಶ್ವತವಾಗಿ ದಾಖಲಾಗಿರುತ್ತಿದ್ದವು. ಯಾವ ಫಿಲ್ಟರ್ ಹಾಕಿದಾಗ ಆ ಗ್ರಾಫ್ ಬಂತು ಎಂಬುದೊಂದು ಮಾತ್ರ ಎಲ್ಲಿಯೂ ದಾಖಲಾಗಿರುತ್ತಿರಲಿಲ್ಲ. ಆದ್ದರಿಂದ ಬಟನ್ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ.

ನಮ್ಮ ಆ್ಯಪ್ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ವೆಬ್ ಆ್ಯಪ್ ಕಟ್ಟಲೆಂದು 2012ರಲ್ಲಿ ಬಂದ ಶೈನಿ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು. ಶೈನಿಯಲ್ಲಿ ದೊಡ್ಡ ಆ್ಯಪ್‌ಗಳನ್ನು ಮಾಡ್ಯೂಲ್ ಎಂಬ ಬಿಡಿ ಬಿಡಿ ಭಾಗಗಳಾಗಿ ಒಡೆದು ಬರೆಯುತ್ತಾರೆ. ಹಂಚಿಕೆ ತೋರಿಸುವ ಕಂಬಗಳ ಹಿಸ್ಟೋಗ್ರಾಮಿಗೊಂದು ಮಾಡ್ಯೂಲ್, ಕೋಷ್ಟಕಕ್ಕೊಂದು, ಚುಕ್ಕಿಗಳ ಸ್ಕ್ಯಾಟರ್ ಪ್ಲಾಟಿಗೊಂದು. ಪ್ರತಿಯೊಂದಕ್ಕೂ ತನ್ನದೇ ಮುಖ, ಹಿಂದೆ ಕೂತು ಲೆಕ್ಕ ಮಾಡುವ ತನ್ನದೇ ಸರ್ವರ್ ಫಂಕ್ಷನ್. ಒಂದು ಸ್ಲೈಡರ್ ಸರಿಸಿದರೆ ಅದನ್ನು ನಂಬಿಕೊಂಡ ಲೆಕ್ಕಗಳೆಲ್ಲ ತಾವಾಗಿಯೇ ಮತ್ತೆ ನಡೆಯುತ್ತವೆ. ಯಾರೂ ನೋಡದ ಟ್ಯಾಬಿನಲ್ಲಿರುವ ಗ್ರಾಫ್ ಮಾತ್ರ ಎದ್ದು ಕೂರುವ ಗೋಜಿಗೇ ಹೋಗುವುದಿಲ್ಲ. ಪರದೆಗೆ ಈ ಚಂಚಲತೆ ಮತ್ತು ಈ ಸೋಮಾರಿತನ ಎರಡೂ ಭೂಷಣ. ವರದಿಗೆ ಎರಡೂ ಶತ್ರು. ಓಡಾಡಿಕೊಂಡಿರುವ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದು ಎಷ್ಟು ಸುಲಭವೋ, ಇಂಥ ಆ್ಯಪಿನಿಂದ ವರದಿ ತೆಗೆಯುವುದೂ ಅಷ್ಟೇ ಸುಲಭ.

ಮೊದಲು ನಾವು ಇಡೀ ಆ್ಯಪಿಗೆ ಒಂದೇ ಬಟನ್ ಇಟ್ಟೆವು. ಒತ್ತಿದರೆ ಎಲ್ಲ ಮಾಡ್ಯೂಲ್‌ಗಳೂ ತಮ್ಮ ತಮ್ಮ ಫಲಿತಾಂಶವನ್ನು ತಂದೊಪ್ಪಿಸಬೇಕು ಎಂಬುದು ಯೋಜನೆ. ನಮ್ಮ ಪರೀಕ್ಷೆಗಳಲ್ಲಿ ಅದು ಸೊಗಸಾಗಿ ನಡೆಯಿತು, ಏಕೆಂದರೆ ಪರೀಕ್ಷಿಸುವವರು ಶ್ರದ್ಧೆಯಿಂದ ಪ್ರತಿ ಟ್ಯಾಬನ್ನೂ ತೆರೆದು ನೋಡಿಯೇ ಬಟನ್ ಒತ್ತುತ್ತಿದ್ದರು. ನಿಜವಾದ ಬಳಕೆದಾರರಿಗೆ ಅಂಥ ವ್ರತವೇನೂ ಇರಲಿಲ್ಲ. ಅವರು ಆ್ಯಪ್ ತೆರೆದ ತಕ್ಷಣ ಬಟನ್ ಒತ್ತಿದರು. ಒಂದು ಮಾಡ್ಯೂಲಿನ ಆಯ್ಕೆಪಟ್ಟಿ ಆ ಟ್ಯಾಬನ್ನು ತೆರೆದ ಮೇಲಷ್ಟೇ ಹುಟ್ಟುವಂಥದ್ದು. ತೆರೆಯದ ಟ್ಯಾಬಿನಲ್ಲಿ ಪಟ್ಟಿಯಿಲ್ಲ, ಪಟ್ಟಿಯಿಲ್ಲದೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದಿದ್ದರೆ ಸದ್ದಿಲ್ಲದೆ ನಿಂತುಬಿಡು ಎಂದು ಮಾಡ್ಯೂಲಿಗೆ ಮೊದಲೇ ಹೇಳಿಟ್ಟಿತ್ತು. ಅದು ವಿಧೇಯವಾಗಿ, ಸದ್ದಿಲ್ಲದೆ, ಇಡೀ ವರದಿಯನ್ನೂ ಹಿಡಿದುಕೊಂಡು ನಿಂತಿತು.

ಇದಕ್ಕೆ ಮದ್ದು ಬೇರೆಯವರು ಆಗಲೇ ಅರೆದಿಟ್ಟಿದ್ದರು. ಔಷಧ ಕಂಪನಿ ರೋಷ್‌ನಲ್ಲಿ ಬೆಳೆದು ಮುಕ್ತ ತಂತ್ರಾಂಶವಾಗಿ ಹೊರಬಂದ ಟೀಲ್ ಎಂಬ ಚೌಕಟ್ಟು ಶೈನಿಯ ಮೇಲೆಯೇ ನಿಂತದ್ದು. ಔಷಧ ಪ್ರಯೋಗಗಳ ದತ್ತಾಂಶವನ್ನು ಪರಿಶೀಲಿಸಲು ಅದನ್ನು ಬಳಸುತ್ತಾರೆ. ಅದರ ವರದಿ ಪ್ಯಾಕೇಜಿನಲ್ಲಿ ಕಾರ್ಡ್ ಎಂಬ ಕಲ್ಪನೆಯಿದೆ. ಬಳಕೆದಾರ ಒಂದು ಮಾಡ್ಯೂಲಿನಲ್ಲಿ ತನಗೆ ಬೇಕಾದ ಚಿತ್ರ ಮೂಡಿದಾಗ ಕಾರ್ಡ್ ಸೇರಿಸುವ ಬಟನ್ ಒತ್ತುತ್ತಾನೆ. ಆ ಕ್ಷಣದ ಗ್ರಾಫ್, ಆಗ ಹಾಕಿದ್ದ ಫಿಲ್ಟರ್‌ಗಳು, ಅದನ್ನು ಮತ್ತೆ ಪಡೆಯಲು ಬೇಕಾದ ಆರ್ ಕೋಡ್, ಜೊತೆಗೆ ಅವನದೊಂದು ಟಿಪ್ಪಣಿ, ಇಷ್ಟೂ ಒಂದು ಕಾರ್ಡಿನಲ್ಲಿ ಕೂರುತ್ತವೆ. ಬೇಕಾದಷ್ಟು ಕಾರ್ಡ್ ಸೇರಿಸಿ ಕೊನೆಗೆ ಒಟ್ಟಾಗಿ ಇಳಿಸಿಕೊಳ್ಳಬಹುದು. ಯಾವ ಕ್ಷಣವನ್ನು ಹಿಡಿದಿಡಬೇಕು ಎಂಬ ತೀರ್ಮಾನವನ್ನು ಪ್ರೋಗ್ರಾಮರ್ ಹೊರಬೇಕಿಲ್ಲ, ಬಳಕೆದಾರನೇ ಹೊರುತ್ತಾನೆ. ನನ್ನ ಮಟ್ಟಿಗೆ ಇದು ಆ ವಿನ್ಯಾಸದ ಅತ್ಯಂತ ಜಾಣ ಭಾಗ. ನಾವು ಅದೇ ಮಾದರಿಯಲ್ಲಿ ನಮ್ಮದೇ ಪುಟ್ಟ ವ್ಯವಸ್ಥೆಯೊಂದನ್ನು ಕಟ್ಟಿಕೊಂಡೆವು. ಇನ್ನು ಮುಂದಿನ ಅನಾಹುತಗಳಿಗೆಲ್ಲ ನಮ್ಮ ಆ ಪುಟ್ಟ ವ್ಯವಸ್ಥೆಯೇ ಜವಾಬ್ದಾರಿ.

ಹಿಸ್ಟೋಗ್ರಾಮಿನ ಮಾಡ್ಯೂಲಿನಿಂದಲೇ ಶುಭಾರಂಭವಾಯಿತು. ಆರ್‌ನ ಹಳೆಯ ಚಿತ್ರಕಲೆಯಲ್ಲಿ ಹಿಸ್ಟ್ ಎಂಬ ಫಂಕ್ಷನ್ ಚಿತ್ರವನ್ನು ಪರದೆಯ ಮೇಲೆ ಬಿಡಿಸಿ ಕೈತೊಳೆದುಕೊಳ್ಳುತ್ತದೆ. ಅದು ನಮ್ಮ ಕೈಗೆ ಮರಳಿ ಕೊಡುವುದು ಚಿತ್ರವನ್ನಲ್ಲ, ಅದರ ಲೆಕ್ಕಗಳ ಪಟ್ಟಿಯನ್ನು. ಜಿಜಿಪ್ಲಾಟ್ ಎಂಬ ಇನ್ನೊಂದು ಚಿತ್ರ ಬಿಡಿಸುವ ಪ್ಯಾಕೇಜಿನಲ್ಲಾದರೆ ಚಿತ್ರವೇ ಒಂದು ವಸ್ತು, ಅದನ್ನು ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಈ ವ್ಯತ್ಯಾಸವನ್ನು ಪರದೆ ಎಂದೂ ಬಿಟ್ಟುಕೊಟ್ಟಿರಲಿಲ್ಲ. ಹೀಗಾಗಿ ವಯಸ್ಸಿನ ಹಂಚಿಕೆ ಎಂಬ ದಪ್ಪಕ್ಷರದ ಶೀರ್ಷಿಕೆಯ ಕೆಳಗೆ, ಚಿತ್ರವಿರಬೇಕಾದ ಜಾಗದಲ್ಲಿ, ಡಾಲರ್ ಚಿಹ್ನೆ ಹೊತ್ತ ಬ್ರೇಕ್ಸ್, ಡಾಲರ್ ಚಿಹ್ನೆ ಹೊತ್ತ ಕೌಂಟ್ಸ್, ಆಮೇಲೆ ಡೆನ್ಸಿಟಿ, ಮಿಡ್ಸ್ ಎಂದು ಅಂಕಿಗಳ ಮೆರವಣಿಗೆಯೇ ಅಚ್ಚಾಗಿತ್ತು. ವರದಿ ನೋಡಿದ ಹಿರಿಯ ಅಧಿಕಾರಿಯೊಬ್ಬರು ಬಹಳ ಹೊತ್ತು ಅದನ್ನು ಓದಿ, “ವಯಸ್ಸಿನ ಲೆಕ್ಕಕ್ಕೂ ಡಾಲರ್‌ಗೂ ಏನ್ರೀ ಸಂಬಂಧ?” ಎಂದು ಕೇಳಿದರು. ಆರ್ ಭಾಷೆಯಲ್ಲಿ ಪಟ್ಟಿಯೊಳಗಿನ ಭಾಗಗಳನ್ನು ಆ ಚಿಹ್ನೆಯಿಂದ ಗುರುತಿಸುತ್ತಾರೆ ಎಂದು ನಮ್ಮ ಸಹೋದ್ಯೋಗಿಯೊಬ್ಬರು ವಿವರಿಸಿದರು. “ಹಾಗಾದರೆ ಸರಿ” ಎಂದು ಅವರು ಪುಟ ತಿರುವಿದರು. ಚಿತ್ರವಿಲ್ಲ ಎಂಬ ಸಂಗತಿ ಆ ಸಭೆಯಲ್ಲಿ ಕೊನೆಯವರೆಗೂ ಚರ್ಚೆಗೆ ಬರಲೇ ಇಲ್ಲ.

ಚುಕ್ಕಿಗಳ ಗ್ರಾಫಿನದು ಇನ್ನೂ ಸೂಕ್ಷ್ಮವಾದ ಪ್ರಕರಣ. ಅದರಲ್ಲಿ ಒಂದೊಂದು ಚುಕ್ಕಿಯೂ ಒಬ್ಬೊಬ್ಬ ರೋಗಿ. ಒಂದೇ ಮೌಲ್ಯದ ಚುಕ್ಕಿಗಳು ಒಂದರ ಮೇಲೊಂದು ಕೂರದಿರಲೆಂದು ಅವನ್ನು ಅಷ್ಟಿಷ್ಟು ಪಕ್ಕಕ್ಕೆ ಸರಿಸುವ ಜಿಟರ್ ಎಂಬ ಸೌಲಭ್ಯವಿದೆ. ಎಷ್ಟು ಸರಿಸಬೇಕು ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳು ನಿರ್ಧರಿಸುತ್ತವೆ. ನಮ್ಮ ವರದಿ ಕಾರ್ಡಿನಲ್ಲಿದ್ದ ಕೋಡನ್ನು ಮತ್ತೊಮ್ಮೆ ಓಡಿಸಿ ಚಿತ್ರ ಬಿಡಿಸುತ್ತಿದ್ದುದರಿಂದ ಚುಕ್ಕಿಗಳು ಪರದೆಯಲ್ಲಿ ಒಂದು ಕಡೆ, ಕಾಗದದಲ್ಲಿ ಇನ್ನೊಂದು ಕಡೆ. ಸಾಮಾನ್ಯ ಮನುಷ್ಯರು ಇದನ್ನು ಗಮನಿಸುವುದಿಲ್ಲ. ನಮ್ಮ ಸಂಖ್ಯಾಶಾಸ್ತ್ರಜ್ಞೆ ಸಾಮಾನ್ಯರಲ್ಲ. ಅವರು ಪರದೆಯನ್ನೂ ಅಚ್ಚಾದ ಹಾಳೆಯನ್ನೂ ಅಕ್ಕಪಕ್ಕ ಹಿಡಿದು, “ಈ ರೋಗಿ ಇಲ್ಲಿ ಎಡಗಡೆಗಿದ್ದರು, ಅಲ್ಲಿ ಬಲಗಡೆಗೆ ಬಂದಿದ್ದಾರೆ, ಯಾಕೆ?” ಎಂದರು. ಅಡ್ಡ ದಿಕ್ಕಿನಲ್ಲಿ ಎಲ್ಲಿದ್ದರೂ ಅರ್ಥ ಒಂದೇ ಮೇಡಂ ಎಂದರೆ, “ಒಂದೇ ಅರ್ಥವಾದರೆ ಒಂದೇ ಕಡೆ ಇರಲಿ” ಎಂದು ವಾದವನ್ನು ಅಲ್ಲಿಗೇ ಮುಗಿಸಿದರು. ಯಾದೃಚ್ಛಿಕ ಸಂಖ್ಯೆಗಳು ಎಲ್ಲಿಂದ ಹೊರಡಬೇಕೆಂದು ಹೇಳುವ ಬೀಜವನ್ನು ಸೆಟ್.ಸೀಡ್ ಎಂಬ ಒಂದು ಸಾಲಿನಿಂದ ಕಟ್ಟಿಹಾಕಿದ ಮೇಲೆ ರೋಗಿಗಳು ನಿಂತಲ್ಲೇ ನಿಂತರು. ಮೇಡಂ ಕೇಳಿದ್ದು ನ್ಯಾಯವೇ. ಕಾರ್ಡಿನಲ್ಲಿ ಕೋಡ್ ಇಡುವುದೇ ಬೇರೆಯವರು ಓಡಿಸಿದರೂ ಅದೇ ಚಿತ್ರ ಬರಲಿ ಎಂಬ ಉದ್ದೇಶಕ್ಕೆ.

ಕೋಷ್ಟಕದ ಮಾಡ್ಯೂಲ್ ಮಾತ್ರ ಸೂಕ್ಷ್ಮತೆಯ ಗೊಡವೆಗೇ ಹೋಗಲಿಲ್ಲ. ಪರದೆಯ ಮೇಲೆ ಅದು ಒಂದು ಸಲಕ್ಕೆ 10 ಸಾಲುಗಳನ್ನಷ್ಟೇ ತೋರಿಸಿ, ಉಳಿದದ್ದು ಮುಂದಿನ ಪುಟದಲ್ಲಿದೆ ಎಂದು ವಿನಯದಿಂದ ಸೂಚಿಸುತ್ತದೆ. ಕಾಗದಕ್ಕೆ ಇಳಿಯುವಾಗ ಆ ವಿನಯ ಉಳಿಯುವುದಿಲ್ಲ. ದತ್ತಾಂಶದಲ್ಲಿ ಎಷ್ಟು ಸಾಲುಗಳಿವೆಯೋ ಅಷ್ಟೂ ಸಾಲುಗಳು ಬರುತ್ತವೆ. ಪುಟ್ಟ ಪಟ್ಟಿಯೆಂದು ಭಾವಿಸಿ ಯಾರೋ ಮುದ್ರಣಕ್ಕೂ ಕೊಟ್ಟಾಗಿತ್ತು. ಪ್ರಿಂಟರಿನ ಬಳಿ ತಮ್ಮ ಒಂದೇ ಹಾಳೆಗಾಗಿ ಕಾದು ನಿಂತವರ ಸಾಲು ಬೆಳೆದ ಮೇಲಷ್ಟೇ ವಿಷಯ ಬಯಲಿಗೆ ಬಂತು. ಅಗಲದ ಕಥೆ ಹೇಳುವುದೇ ಬೇಡ. ಪರದೆಯಲ್ಲಿ ಪಕ್ಕಕ್ಕೆ ಸರಿಸಿ ನೋಡುತ್ತಿದ್ದ ಕಾಲಮ್‌ಗಳು ಪಿಡಿಎಫ್‌ನಲ್ಲಿ ಹಾಳೆಯ ಅಂಚನ್ನು ದಾಟಿ ಶೂನ್ಯದಲ್ಲಿ ಲೀನವಾಗಿದ್ದವು.

ಇನ್ನು ಪಿಡಿಎಫ್ ಎಂಬ ಅಧ್ಯಾಯ. ವರದಿಯ ಕಚ್ಚಾ ಬರಹ, ಪಠ್ಯವನ್ನೂ ಕೋಡನ್ನೂ ಒಟ್ಟಿಗೆ ಬರೆಯುವ ಆರ್ ಮಾರ್ಕ್‌ಡೌನ್ ಎಂಬ ರೂಪದಲ್ಲಿರುತ್ತದೆ. ಅದರ ಕೋಡನ್ನು ನಿಟ್ಆರ್ ಎಂಬ ಪ್ಯಾಕೇಜ್ ಓಡಿಸುತ್ತದೆ. ಬಂದದ್ದನ್ನು ಪ್ಯಾನ್‌ಡಾಕ್ ಎಂಬ ಪರಿವರ್ತಕ ವರ್ಡ್, ಎಚ್‌ಟಿಎಂಎಲ್ ಮೊದಲಾದ ರೂಪಗಳಿಗೆ ತಿರುಗಿಸುತ್ತದೆ. ಪಿಡಿಎಫ್ ಬೇಕೆಂದರೆ ಲೇಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಕೂಡ ಬಂದು ಕೂರಬೇಕು. ಪ್ಯಾನ್‌ಡಾಕ್ ಅನ್ನು 2006ರಲ್ಲಿ ಹೊರತಂದ ಜಾನ್ ಮ್ಯಾಕ್‌ಫಾರ್ಲೇನ್ ವೃತ್ತಿಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ, ಏಕೆಂದರೆ ಈ ಸರಪಳಿಯ ಒಂದು ಕೊಂಡಿ ಕಳಚಿದಾಗ ಬೇಕಾಗುವುದು ತತ್ವಜ್ಞಾನವೇ. ನಮ್ಮೆಲ್ಲರ ಲ್ಯಾಪ್‌ಟಾಪ್‌ಗಳಲ್ಲಿ ಆರ್ ಬರೆಯಲು ಬಳಸುವ ಆರ್‌ಸ್ಟುಡಿಯೊ ಜೊತೆಗೇ ಪ್ಯಾನ್‌ಡಾಕ್ ಬಂದು ಕೂತಿತ್ತು, ಹಾಗಾಗಿ ಅದರ ಅಸ್ತಿತ್ವವೇ ಯಾರ ಗಮನಕ್ಕೂ ಬಂದಿರಲಿಲ್ಲ. ಸರ್ವರ್‌ನಲ್ಲಿ ಅದು ಇರಲಿಲ್ಲ. ‘1.12.3 ಅಥವಾ ಅದಕ್ಕಿಂತ ಹೊಸ ಪ್ಯಾನ್‌ಡಾಕ್ ಬೇಕು, ಸಿಗಲಿಲ್ಲ’ ಎಂಬ ಸಂದೇಶವನ್ನು ಈ ಕೆಲಸಕ್ಕಿಳಿದವರೆಲ್ಲ ಒಂದಲ್ಲ ಒಂದು ದಿನ ಓದಿಯೇ ಓದುತ್ತಾರೆ.

ಅದನ್ನು ಹಾಕಿಸಿದ ಮೇಲೆ ಲೇಟೆಕ್ ಮುನಿಸಿಕೊಂಡಿತು. ಅದರ ಮುನಿಸಿಗೆ ಕಾರಣ ಒಂದೇ ಒಂದು ಚಿಹ್ನೆ. ಫಿಲ್ಟರಿನ ಹೆಸರಿನಲ್ಲಿ ಯಾರೋ ಅಚ್ಚುಕಟ್ಟಾಗಿ ‘ವಯಸ್ಸು ≥ 65’ ಎಂದು ಬರೆದಿದ್ದರು. ಬ್ರೌಸರಿಗೆ ಅದು ಮಾಮೂಲಿ ಅಕ್ಷರ. ಪಿಡಿಎಫ್‌ಲೇಟೆಕ್ ಎಂಬ ಹಳೆಯ ಎಂಜಿನ್ನಿಗೆ ಮಾತ್ರ ಅದು ಪರಿಚಯವೇ ಇಲ್ಲದ ಆಸಾಮಿ. ವಿಚಿತ್ರವೆಂದರೆ 65 ತುಂಬಿದವರ ಫಿಲ್ಟರ್ ಹಾಕದಿದ್ದರೆ ವರದಿ ಸರಾಗವಾಗಿ ಬರುತ್ತಿತ್ತು, ಹಾಕಿದರೆ ಸಾಯುತ್ತಿತ್ತು. ಹೀಗಾಗಿ ಹಿರಿಯ ನಾಗರಿಕರ ದತ್ತಾಂಶದಲ್ಲೇ ಏನೋ ದೋಷವಿದೆ ಎಂಬ ಸುದ್ದಿ ಹಬ್ಬಿ, ಅದರ ಪರಿಶೀಲನೆಗೆಂದು ಪ್ರತ್ಯೇಕ ಸಭೆಯೂ ನಿಗದಿಯಾಯಿತು. ಎಲ್ಲ ಲಿಪಿ-ಚಿಹ್ನೆಗಳ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಬಲ್ಲ ಜೀಲೇಟೆಕ್ ಎಂಜಿನ್ ಮತ್ತು ಆ ಚಿಹ್ನೆಯಿರುವ ಫಾಂಟ್ ಹಾಕಿಸಿದ ಮೇಲೆ ಹಿರಿಯರ ಮೇಲಿನ ಆರೋಪ ಬಿದ್ದುಹೋಯಿತು. ಸಭೆ ಮಾತ್ರ ಕ್ಯಾಲೆಂಡರಿನಲ್ಲಿದ್ದುದರಿಂದ ನಡೆದೇ ನಡೆಯಿತು.

ಕಡತದ ಹೆಸರಿನಲ್ಲಿ ದಿನಾಂಕ ಬೇಕೆಂಬ ಸಣ್ಣ ಕೋರಿಕೆಯೂ ತನ್ನ ಪಾಲಿನ ಮನರಂಜನೆ ಒದಗಿಸಿತು. ಶೈನಿಯಲ್ಲಿ ಡೌನ್‌ಲೋಡ್ ಕಡತದ ಹೆಸರನ್ನು ಫಂಕ್ಷನ್ನಾಗಿ ಕೊಟ್ಟರೆ ಒತ್ತಿದಾಗಲೆಲ್ಲ ದಿನಾಂಕ ಹೊಸದಾಗಿ ಬರುತ್ತದೆ. ನೇರ ಪಠ್ಯವಾಗಿ ಕೊಟ್ಟರೆ ಆ ಸೆಷನ್, ಅಂದರೆ ಬಳಕೆದಾರ ಆ್ಯಪ್ ತೆರೆದಿಟ್ಟ ಅವಧಿ, ಆರಂಭವಾದ ದಿನಕ್ಕೇ ಗಂಟುಬೀಳುತ್ತದೆ. ಕೋಡಿನಲ್ಲಿದ್ದುದು ನೇರ ಪಠ್ಯ. ಬಹುತೇಕರು ಸಂಜೆ ಬ್ರೌಸರ್ ಮುಚ್ಚಿ ಹೋಗುವವರಾದ್ದರಿಂದ ತೊಂದರೆ ಕಾಣಲಿಲ್ಲ. ಬ್ರೌಸರನ್ನಾಗಲಿ ಕಂಪ್ಯೂಟರನ್ನಾಗಲಿ ಮುಚ್ಚುವ ಅಭ್ಯಾಸವೇ ಇಲ್ಲದ ಒಬ್ಬರು ವಾರಾಂತ್ಯದ ಗಡುವು ದಾಟಿದ ಮೇಲೆ ವರದಿ ಇಳಿಸಿಕೊಂಡರು. ಕಡತದ ಹೆಸರಿನಲ್ಲಿ ಗಡುವಿಗಿಂತ ಮುಂಚಿನ ದಿನಾಂಕವಿತ್ತು. ಆ ದೋಷವನ್ನು ಸರಿಪಡಿಸಿದ್ದಕ್ಕೆ ನಮ್ಮನ್ನು ಬೈದ ಏಕೈಕ ಬಳಕೆದಾರರು ಅವರು.

ಆರ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಒಬ್ಬರ ಪಿಡಿಎಫ್ ಸಿದ್ಧವಾಗುತ್ತಿರುವಾಗ ಅದೇ ಪ್ರಕ್ರಿಯೆಯನ್ನು ಹಂಚಿಕೊಂಡ ಉಳಿದವರೆಲ್ಲ ಅಲುಗಾಡದ ಪರದೆಯನ್ನು ನೋಡುತ್ತ ಕೂರಬೇಕು. ಸುಮ್ಮನೆ ಕೂರುವ ಜನವಲ್ಲ. ಆ್ಯಪ್ ಕೆಟ್ಟಿದೆಯೆಂದು ಅವರೂ ಬಟನ್ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಒತ್ತಿದ್ದೆಲ್ಲ ಸರದಿಯಲ್ಲಿ ನಿಂತಿರುತ್ತದೆ. 2024ರಲ್ಲಿ ಬಂದ ಶೈನಿ 1.8.1ರಲ್ಲಿ ಇಂಥ ದೀರ್ಘ ಕೆಲಸಗಳನ್ನು ಹಿನ್ನೆಲೆಗೆ ತಳ್ಳಲು ಎಕ್ಸ್‌ಟೆಂಡೆಡ್ ಟಾಸ್ಕ್ ಎಂಬ ವ್ಯವಸ್ಥೆಯಿದೆ. ಅದನ್ನು ಅಳವಡಿಸುವವರೆಗೆ ನಾವು ಮಾಡಿದ್ದು ಒಂದೇ ಉಪಾಯ: ಒತ್ತಿದ ಕೂಡಲೇ ಆ ಬಟನ್ ಬೂದುಬಣ್ಣಕ್ಕೆ ತಿರುಗುವಂತೆ ಮಾಡಿದೆವು. ಆಮೇಲೆ ಬಂದ ದೂರು, ಬಟನ್ ಬೂದಾಗಿದೆ ಎಂಬುದು.

ಇಷ್ಟೆಲ್ಲ ಆದ ಮೇಲೂ ನಾವು ಊಹಿಸದ ಒಂದು ಮೂಲೆ ಉಳಿದಿತ್ತು. ಕಾರ್ಡಿನಲ್ಲಿ ಒಂದು ಟಿಪ್ಪಣಿಯೂ ಕೂರುತ್ತದೆ ಎಂದೆನಲ್ಲ, ಅದನ್ನು ಬರೆಯಲು ಇದ್ದ ಖಾಲಿ ಚೌಕವನ್ನು ಜನ ತಮ್ಮ ಖಾಸಗಿ ಜ್ಞಾಪಕಕ್ಕೆಂದು ಬಳಸತೊಡಗಿದ್ದರು. ಮೇಲಧಿಕಾರಿಗಳಿಗೆ ಹೋದ ವರದಿಯೊಂದರಲ್ಲಿ ಸುಂದರವಾದ ಗ್ರಾಫಿನ ಕೆಳಗೆ, ‘ಇದು ಯಾಕೋ ಸರಿ ಕಾಣ್ತಿಲ್ಲ, ಯಾರಾದ್ರೂ ಕೇಳಿದ್ರೆ ನೋಡೋಣ’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅವರು ಕೇಳಿದರು. ಆ ಸಂಜೆಯೇ ಚೌಕದ ಮೇಲೆ ಕೆಂಪಕ್ಷರದಲ್ಲಿ ‘ಇಲ್ಲಿ ಬರೆದದ್ದು ವರದಿಯಲ್ಲಿ ಅಚ್ಚಾಗುತ್ತದೆ’ ಎಂಬ ಸಾಲನ್ನು ಸೇರಿಸಿದೆವು. ಮುಂದಿನ ವರದಿ ಸಕಾಲಕ್ಕೆ ಹೋಯಿತು. ಫಿಲ್ಟರ್‌ಗಳಿದ್ದವು, ಕೋಡ್ ಇತ್ತು, ಚುಕ್ಕಿಗಳೆಲ್ಲ ಇರಬೇಕಾದಲ್ಲೇ ಇದ್ದವು, ದಿನಾಂಕವೂ ಸರಿಯಾಗಿತ್ತು. ಮೊದಲನೆಯ ಕಾರ್ಡಿನ ಟಿಪ್ಪಣಿಯಲ್ಲಿ ‘ಸರಿ, ಗೊತ್ತಾಯ್ತು’ ಎಂದಿತ್ತು.