ಆರ್ಚರಿ ಸಂಸ್ಥೆಯ ಕುರ್ಚಿಗೆ ಅವಧಿ ಮಿತಿ ಬೇಕೆ?

ಪರ: ಎರಡು ಅವಧಿ ಸಾಕು

ಏಷ್ಯಾದ ಆರ್ಚರಿ ಸಂಸ್ಥೆ ಹುಟ್ಟಿದ್ದು 1978ರಲ್ಲಿ. ಅದೇ ವರ್ಷ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಬಿಲ್ಲುಗಾರಿಕೆ ಮೊದಲ ಸಲ ಸೇರಿತು. 2005ರಿಂದ 2025ರವರೆಗೆ ಅದಕ್ಕೆ ಒಬ್ಬರೇ ಅಧ್ಯಕ್ಷರು, ಹ್ಯುಂಡೈ ಸಮೂಹದ ಯುಯಿಸುನ್ ಚುಂಗ್. ಅವರು ಆಟಕ್ಕೆ ಕೆಡುಕು ಮಾಡಿದರೆಂದು ನಾನು ಹೇಳುತ್ತಿಲ್ಲ. ಒಬ್ಬರೇ ಬೇರೂರಿದರೆ ಮುಂದೇನಾಗುತ್ತದೆ ಎಂಬುದನ್ನು ನಮ್ಮ ದೇಶವೇ ತೋರಿಸಿದೆ.

1973ರಲ್ಲಿ ಶುರುವಾದ ಭಾರತೀಯ ಆರ್ಚರಿ ಸಂಸ್ಥೆಗೆ ವಿ.ಕೆ. ಮಲ್ಹೋತ್ರಾ ಸುಮಾರು ನಾಲ್ಕು ದಶಕ ಅಧ್ಯಕ್ಷರಾಗಿದ್ದರು. 2012ರಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಹಿಂಪಡೆಯಿತು. 2019ರ ಜೂನ್‌ನಲ್ಲಿ ಎರಡು ಬಣಗಳು ಒಂದೇ ದಿನ, ದೆಹಲಿಯಲ್ಲೊಂದು, ಚಂಡೀಗಢದಲ್ಲೊಂದು ಚುನಾವಣೆ ನಡೆಸಿದವು. ಆಗಸ್ಟ್‌ನಲ್ಲಿ ವಿಶ್ವ ಆರ್ಚರಿ ಸಂಸ್ಥೆ ಭಾರತವನ್ನು ಅಮಾನತಿನಲ್ಲಿಟ್ಟಿತು. ಆ ನವೆಂಬರ್‌ನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಹೋದ ದೀಪಿಕಾ ಕುಮಾರಿ ಮತ್ತು ಸಂಗಡಿಗರು ತ್ರಿವರ್ಣವಿಲ್ಲದೆ ಬಾಣ ಬಿಟ್ಟರು. ಜಗಳ ಹಿರಿಯರದು, ಶಿಕ್ಷೆ ಮಕ್ಕಳಿಗೆ!

ಬೆಳಗಾವಿ, ಬಾಗಲಕೋಟೆಯಲ್ಲಿ ಹೊಸ ಸಂಘ ಕಟ್ಟುವವರು ಬೈಲಾದಲ್ಲೇ ಇದನ್ನು ಬರೆದುಕೊಳ್ಳಲಿ: ನಾಲ್ಕು ವರ್ಷದ ಎರಡು ಅವಧಿ, ಆಮೇಲೆ ಒಂದು ಅವಧಿ ಹೊರಗೆ. ಅಧ್ಯಕ್ಷರಿಗಷ್ಟೇ ಮಿತಿ ಹಾಕಿದರೆ ಅದೇ ಮನುಷ್ಯ ಕಾರ್ಯದರ್ಶಿಯಾಗಿ ಬಂದು ಕೂರುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಚೆಕ್ಕಿಗೆ ಸಹಿ ಹಾಕುವ ಈ ಮೂವರಿಗೂ ಮಿತಿ ಇರಬೇಕು.

ವಿರೋಧ: ಬಿಲ್ಲು ಬಲಿಯಲು ಕಾಲ ಬೇಕು

ಆಟಗಾರ್ತಿ ತಯಾರಾಗುವ ಲೆಕ್ಕ ಬೇರೆ. ಒಲಿಂಪಿಕ್ಸ್‌ನಲ್ಲಿ ಬಳಸುವ, ತುದಿ ಹೊರಬಾಗಿದ ರಿಕರ್ವ್ ಬಿಲ್ಲನ್ನು ಮಕ್ಕಳು 18-20 ಪೌಂಡ್ ಎಳೆತದ ಬಲದಿಂದ ಶುರುಮಾಡುತ್ತಾರೆ. 70 ಮೀಟರ್ ದೂರಕ್ಕೆ 40ರ ಸುತ್ತಮುತ್ತ ಬೇಕು. ಎರಡೆರಡೇ ಪೌಂಡ್ ಏರಿಸಬೇಕು, ಅವಸರ ಮಾಡಿದರೆ ಭುಜ ಹೋಗುತ್ತದೆ. ಬಿಲ್ಲಿನ ರೆಕ್ಕೆ, ಅಂದರೆ ಹಿಡಿಯ ಮೇಲೆ ಕೆಳಗೆ ಬಾಗುವ ಪಟ್ಟಿಗಳು, ಬದಲಾದಂತೆ ಬಾಣವೂ ಬದಲಾಗಬೇಕು. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು ನಡುವೆ 880 ಗ್ರಾಂ ತೂಗುಬಿಟ್ಟಾಗ ಎಷ್ಟು ಬಾಗುತ್ತದೋ ಅದೇ ಅದರ ಸ್ಪೈನ್, ಅಂದರೆ ಗಡಸುತನದ ಅಳತೆ. ಬಿಲ್ಲು ಬಲಿತರೂ ಹಳೇ ಮೆತ್ತನೆ ಬಾಣವೇ ಉಳಿದರೆ ಬಲಗೈ ಹುಡುಗಿಯ ಬಾಣಗಳು ಬಲಕ್ಕೇ ಸರಿಯುತ್ತವೆ. ಅವಳ ಕೈ ಸರಿಯಿಲ್ಲವೆಂದು ಗದರುತ್ತಾರೆ. ಮುಂಗಾರಿನ ಪಡುವಣ ಗಾಳಿ ಬೀಸುವ ವಿಜಯಪುರದ ಬಯಲಲ್ಲಂತೂ ತಪ್ಪು ಗಾಳಿಯದೋ ಬಾಣದ್ದೋ ತಿಳಿಯುವುದೇ ಇಲ್ಲ. ಗಾಳಿ ಏಳುವ ಮುನ್ನ, 18 ಮೀಟರ್‌ನಲ್ಲಿ, ಪುಕ್ಕವಿಲ್ಲದ ಬಾಣ ಬಿಟ್ಟು ಅದು ಪುಕ್ಕದ ಬಾಣಗಳಿಂದ ಎತ್ತ ಸರಿಯುತ್ತದೆಂದು ನೋಡಬೇಕು.

ಇಷ್ಟೆಲ್ಲಕ್ಕೆ ಐದಾರು ವರ್ಷ, ಹಲವು ಜತೆ ರೆಕ್ಕೆ, ಹಲವು ಡಜನ್ ಬಾಣ. ಶುರುಮಾಡಿದವರು ನಡುವೆ ಇಳಿದರೆ ಮುಂದಿನವರು ಮೊದಲು ಕತ್ತರಿಸುವುದು ಇದೇ ಖರ್ಚನ್ನು. ಕೊರಿಯಾದ ಆರ್ಚರಿಯನ್ನು ಚುಂಗ್ ಅವರ ತಂದೆ 1985ರಲ್ಲಿ ವಹಿಸಿಕೊಂಡರು. ಮಹಿಳಾ ತಂಡ 1988ರಿಂದ 2024ರ ಪ್ಯಾರಿಸ್‌ವರೆಗೆ ಸತತ ಹತ್ತು ಒಲಿಂಪಿಕ್ಸ್ ಚಿನ್ನ ಗೆದ್ದಿದೆ. ಅದು ಬರೀ ದುಡ್ಡಿನ ಗೆಲುವಲ್ಲ, ಅಲ್ಲಿಯ ಆಯ್ಕೆ ಟ್ರಯಲ್ಸ್ ಹಳೆಯ ಪದಕ ನೋಡುವುದಿಲ್ಲ. ಆದರೆ ಪಟ್ಟು ಬಿಡದ ಪೋಷಣೆಯಿಲ್ಲದೆ ಅದು ಆಗುತ್ತಿರಲಿಲ್ಲ.

2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಏಷ್ಯಾದ ಅಧ್ಯಕ್ಷಗಿರಿ ಬಾಂಗ್ಲಾದೇಶದ ಕಾಜಿ ರಾಜೀಬ್ ಉದ್ದೀನ್ ಅಹ್ಮದ್ ಚಪಲ್ ಅವರ ಪಾಲಾಯಿತು, ಮತದಿಂದ. ತಮ್ಮ ದೇಶದ ಸಂಸ್ಥೆಯಲ್ಲಿ ಅವರೂ ಬಹುಕಾಲ ದುಡಿದವರೇ. ನಮಗೆ ಬೇಕಿರುವುದು ವರ್ಷಕ್ಕೊಮ್ಮೆ ಬಹಿರಂಗ ಲೆಕ್ಕಪತ್ರ, ಮತಪಟ್ಟಿಯಲ್ಲಿ ಆಟಗಾರರ ಹೆಸರು. ಅವೆರಡಿದ್ದರೆ ದುಡಿಯುವವರು ಇರಲಿ, ದುಡಿಯದವರನ್ನು ಸದಸ್ಯರೇ ಇಳಿಸುತ್ತಾರೆ.