ಕರಡಿಯನ್ನು ‘ಅದು’ ಎನ್ನುವ ಮೊದಲು

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಚಿತ್ರಕಾರರ ಕೃತಿಗಳ ಕೆಳಗೆ ‘ಕರಡಿ ಎಂದರೆ ಧೈರ್ಯ, ಹದ್ದು ಎಂದರೆ ದೂರದೃಷ್ಟಿ’ ಎಂದು ಅರ್ಥಕೋಶದ ಧಾಟಿಯಲ್ಲಿ ಟಿಪ್ಪಣಿ ಬರೆಯುವ ರೂಢಿಯ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ತಕರಾರಿದೆ. ಅರ್ಥ ಕೈಗೆ ಸಿಕ್ಕಿತೆಂದರೆ ನೋಡುವ ಕೆಲಸ ಮುಗಿಯಿತೆಂದುಕೊಂಡು ನಾವು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ.

ಈ ಜನರಲ್ಲೊಬ್ಬರಾದ ಕೆನಡಾದ ಚಿತ್ರಕಾರ ನಾರ್ವಲ್ ಮಾರಿಸೊ 1977ರಲ್ಲಿ ಬರೆದ, ಮನುಷ್ಯನೊಬ್ಬ ಗುಡುಗುಹಕ್ಕಿಯಾಗಿ (ಅವರ ಪುರಾಣಕಥೆಗಳ ಗುಡುಗಿನ ಹಕ್ಕಿ) ಮಾರ್ಪಡುವ ಆರು ಫಲಕಗಳ ಚಿತ್ರವನ್ನು ನಾನು ಕಂಪ್ಯೂಟರ್ ಪರದೆಯ ಮೇಲಷ್ಟೇ ನೋಡಿದ್ದೇನೆ. ಫಲಕದಿಂದ ಫಲಕಕ್ಕೆ ಆಕೃತಿ ಬದಲಾಗುತ್ತ ಹೋಗುತ್ತದೆ, ಆದರೆ ಮನುಷ್ಯ ಇಲ್ಲಿಗೆ ಮುಗಿದ, ಹಕ್ಕಿ ಇಲ್ಲಿಂದ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅವರ ಚಿತ್ರಗಳಲ್ಲಿ ಪ್ರಾಣಿಯ ಒಡಲು ಒಳಗಿನದೆಲ್ಲ ಕಾಣುವಂತೆ ತೆರೆದುಕೊಂಡಿರುತ್ತದೆ. ಒಂದು ಜೀವದಿಂದ ಹೊರಟ ದಪ್ಪ ಕಪ್ಪು ಗೆರೆ ಇನ್ನೊಂದು ಜೀವವನ್ನು ಹೋಗಿ ಮುಟ್ಟುತ್ತದೆ. ಯೌವನದಲ್ಲಿ ಕಾಯಿಲೆಯಿಂದ ಸಾವಿನಂಚಿಗೆ ಹೋಗಿದ್ದಾಗ ಅವರಿಗೆ ಇಟ್ಟ ಹೆಸರು ‘ತಾಮ್ರದ ಗುಡುಗುಹಕ್ಕಿ’. ಕ್ರೀ ಎಂಬ ಇನ್ನೊಂದು ಮೂಲನಿವಾಸಿ ಜನರ ಅಕ್ಷರಗಳಲ್ಲಿ ಅವರು ಸಹಿ ಮಾಡುತ್ತಿದ್ದುದು ಅದನ್ನೇ. ಸ್ವಂತ ಹೆಸರನ್ನು ಯಾರಾದರೂ ಸಂಕೇತ ಎನ್ನುತ್ತಾರೆಯೇ?

ಇಂಗ್ಲಿಷಿನ ‘ಟೋಟೆಮ್’ ಹುಟ್ಟಿದ್ದು ಈ ಜನರ ‘ದೋದೆಮ್’ ಎಂಬ ಮಾತಿನಿಂದ. ಕನ್ನಡದಲ್ಲಿ ನಾವು ಅದನ್ನು ‘ಕುಲಲಾಂಛನ’ ಎಂದೆವು. ಲಾಂಛನವೆಂದೊಡನೆ ಕಣ್ಣಮುಂದೆ ಬರುವುದು ಧ್ವಜ, ಮುದ್ರೆ. ಆದರೆ ಒಂದೇ ದೋದೆಮ್‌ನವರು, ಅದು ಕರಡಿಯಿರಲಿ, ಕ್ರೌಂಚವಿರಲಿ, ಮೀನಿರಲಿ, ಪರಸ್ಪರ ಮದುವೆಯಾಗುವಂತಿಲ್ಲ, ಏಕೆಂದರೆ ಅವರು ಒಡಹುಟ್ಟಿದವರಿದ್ದಂತೆ. ಕುಲದೊಳಗಿನ ಬಳಿಯನ್ನು ಹೇಳುವ ನಮ್ಮ ‘ಬೆಡಗು’ ಎಂಬ ಮಾತೇ ಇದಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ವ್ಯಾಕರಣವೂ ಇಲ್ಲಿ ಅಡ್ಡ ಬರುತ್ತದೆ: ಕನ್ನಡದಲ್ಲಿ ಮನುಷ್ಯ ‘ಬಂದ’, ಕರಡಿ ‘ಬಂತು’, ಅನಿಶಿನಾಬೆ ಮಾತಿನಲ್ಲಿ ಇಬ್ಬರೂ ಸಜೀವ ವರ್ಗಕ್ಕೆ ಸೇರುವುದರಿಂದ ಇಬ್ಬರಿಗೂ ಕ್ರಿಯಾಪದದ ರೂಪ ಒಂದೇ.

1962ರಲ್ಲಿ ಟೊರಾಂಟೊದಲ್ಲಿ ನಡೆದ ಮಾರಿಸೊ ಅವರ ಮೊದಲ ಪ್ರದರ್ಶನದ ಚಿತ್ರಗಳೆಲ್ಲ ಮಾರಾಟವಾದವು. ಪವಿತ್ರ ಕಥೆಗಳನ್ನು ಹೊರಗಿನವರ ಮುಂದೆ ಹೀಗೆ ಬಿಚ್ಚಿಟ್ಟದ್ದು ಅವರ ಸಮುದಾಯದ ಕೆಲವರಿಗೆ ಸರಿಬರಲಿಲ್ಲ. ಅಲಂಕಾರದ ಚಿತ್ರಗಳಾಗಿದ್ದರೆ ಅಷ್ಟು ನೋಯುವ ಕಾರಣವಿರಲಿಲ್ಲ.

ಸರ್ಕಾರಕ್ಕೂ ಒಮ್ಮೆ ಇದೇ ಬಿಸಿ ತಟ್ಟಿತು. 1967ರ ಮಾಂಟ್ರಿಯಲ್ ವಿಶ್ವ ಪ್ರದರ್ಶನದಲ್ಲಿ ಮೂಲನಿವಾಸಿಗಳ ಮಂಟಪದ ಹೊರಗೋಡೆಗೆ ಮಾರಿಸೊ ಯೋಜಿಸಿದ್ದು ಭೂತಾಯಿಯ ಎದೆಹಾಲು ಕುಡಿಯುವ ಕರಡಿಮರಿಗಳ ಚಿತ್ರ. ಅಧಿಕಾರಿಗಳು ಆಕ್ಷೇಪಿಸಿದರು. ಕರಡಿ ಒಂದು ಮೂಲೆಯಲ್ಲಿ ಲಾಂಛನವಾಗಿ ಕುಳಿತಿದ್ದರೆ ಅವರು ಹುಬ್ಬೇರಿಸುತ್ತಲೂ ಇರಲಿಲ್ಲವೇನೋ. ತಾಯಿಯ ಮಡಿಲಿಗೆ ಬಂದದ್ದೇ ತೊಡಕಾಯಿತು. ಮಾರಿಸೊ ಆ ಕೆಲಸ ಬಿಟ್ಟು ಹೊರಟರು, ಗೋಡೆಯನ್ನು ಮುಗಿಸಿದವರು ಅವರ ಜೊತೆಗಾರ, ಕ್ರೀ ಚಿತ್ರಕಾರ ಕಾರ್ಲ್ ರೇ.